ಜಗಲಿಯ ನಾಯಿಗೆ ಮಳೆಗಾಲದ ಕೆಲಸ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ನಾಯಿಯ ಓಡಾಟ ಜಗಲಿಗೆ ಬಂದು ನಿಲ್ಲುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3500 ಮಿಲಿಮೀಟರ್ ಮಳೆಯ ಬಹುಪಾಲು ಸೆಪ್ಟೆಂಬರಿನೊಳಗೇ ಸುರಿಯುವುದರಿಂದ, ಬೇಸಗೆಯಲ್ಲಿ ಕಾಡುಹಂದಿಯ ಜಾಡು ಹಿಡಿದು ತೋಟವಿಡೀ ಸುತ್ತುತ್ತಿದ್ದ ಪ್ರಾಣಿ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ದಿನಗಟ್ಟಲೆ ಹಟ್ಟಿಯ ಮೂಲೆಯಲ್ಲೋ ಬೆಂಚಿನ ಅಡಿಯಲ್ಲೋ ಮುದುಡಿಕೊಂಡಿರುತ್ತದೆ. ಚಪ್ಪಲಿ ಕಚ್ಚುವುದು, ಚಾಪೆಯ ಅಂಚನ್ನು ಎಳೆಯುವುದು, ಯಾರೂ ಬಾರದಿದ್ದರೂ ಬೊಗಳುವುದು ಶುರುವಾದಾಗ ಅದನ್ನು ಕೊಬ್ಬೆಂದು ಬೈದು ಸಂಕೋಲೆಯನ್ನು ಇನ್ನಷ್ಟು ಗಿಡ್ಡ ಮಾಡುವವರಿದ್ದಾರೆ. ಇದರಿಂದ ಬೊಗಳುವಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಾಯಿಗೆ ಓಟದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಬೇಕಾಗಿರುವುದು ಮೂಗಿನ ಕೆಲಸ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50ರಿಂದ 60 ಲಕ್ಷದಷ್ಟಿದ್ದರೆ, ನಾಯಿಯಲ್ಲಿ ತಳಿಗನುಗುಣವಾಗಿ ಅವು 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆಂದು ಅಂದಾಜಿಸಲಾಗಿದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವು ಸಾಕುನಾಯಿಗಳಿಗೆ ಎರಡು ವಾರ ವಾಸನೆ ಹುಡುಕುವ ಆಟವನ್ನೂ, ಉಳಿದವುಗಳಿಗೆ ಯಜಮಾನನ ಪಕ್ಕದಲ್ಲೇ ನಡೆಯುವ ಅಭ್ಯಾಸವನ್ನೂ ಮಾಡಿಸಲಾಗಿತ್ತು. ತಿಂಡಿ ಇದೆಯೋ ಇಲ್ಲವೋ ತಿಳಿಯದ ಬಟ್ಟಲನ್ನು ದೂರದಲ್ಲಿಟ್ಟಾಗ, ಹುಡುಕುವ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗನೆ ಅದರತ್ತ ಹೋದವು. ಮೂಗಿಗೆ ಕೆಲಸ ಸಿಕ್ಕಿದ ನಾಯಿ ಹೆಚ್ಚು ಆಶಾವಾದಿಯಾಗುತ್ತದೆ ಎಂಬುದು ಸಂಶೋಧಕರ ತೀರ್ಮಾನ.

ಮೊದಲು ಮಾಡಬೇಕಾದದ್ದು ಊಟದ ಲೆಕ್ಕ. ಆಟಕ್ಕೆಂದು ಹೆಚ್ಚುವರಿ ತಿಂಡಿ ಕೊಡುತ್ತಾ ಹೋದರೆ ಓಡಾಟವಿಲ್ಲದ ನಾಯಿ ಮಳೆಗಾಲ ಮುಗಿಯುವಷ್ಟರಲ್ಲಿ ಊದಿಕೊಂಡಿರುತ್ತದೆ. ದಿನದ ಪಾಲಿನಲ್ಲೇ ಕಾಲು ಭಾಗವನ್ನು ತೆಗೆದಿಟ್ಟು, ಅದನ್ನು ಮಾತ್ರ ಆಟಕ್ಕೆ ಬಳಸಬೇಕು. ನಮ್ಮ ಮನೆಗಳಲ್ಲಿ ನಾಯಿಗೆ ಹಾಕುವ ಕಲಸಿದ ಅನ್ನವನ್ನು ಮೂಲೆಮೂಲೆಯಲ್ಲಿ ಅಡಗಿಸಿಡುವುದು ಸಾಧ್ಯವಿಲ್ಲವಾದ್ದರಿಂದ, ಬೇಯಿಸಿದ ಮೊಟ್ಟೆ, ಬೇಯಿಸಿದ ಗೆಣಸು, ಖಾರವಿಲ್ಲದ ದೋಸೆ ಇವುಗಳನ್ನು ಕಡಲೆಕಾಳಿನ ಗಾತ್ರಕ್ಕೆ ಚೂರು ಮಾಡಿಟ್ಟುಕೊಂಡರೆ ಸಾಕು. ಒಣಮೀನಿನ ವಾಸನೆಗೆ ಯಾವ ನಾಯಿಯೂ ಓಡಿ ಬರುತ್ತದೆ, ಆದರೆ ಅದರಲ್ಲಿರುವ ಉಪ್ಪು ನಾಯಿಗೆ ಒಳ್ಳೆಯದಲ್ಲ. ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ.

ಎರಡನೆಯ ಹೆಜ್ಜೆ ಹುಡುಕಿಸುವುದು. ಚಾವಡಿಯ ಫ್ಯಾನನ್ನು ನಿಲ್ಲಿಸಿ, ನಾಯಿಯನ್ನು ಒಬ್ಬರು ಹಿಡಿದುಕೊಂಡಿರುವಾಗ ಇನ್ನೊಬ್ಬರು ಅದರ ಕಣ್ಣೆದುರಿಗೇ ಮೂರು ಚೂರುಗಳನ್ನು ನೆಲದ ಮೇಲೆ ಮೂರು ಕಡೆ ಇಟ್ಟು, "ಹುಡುಕು" ಎಂದು ಒಂದು ಸಲ ಹೇಳಿ ಬಿಡಬೇಕು. ಒಂದೇ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ನಡೆಯುವ ನಮ್ಮಲ್ಲಿ ಎಲ್ಲರೂ ಒಂದೇ ಪದವನ್ನು ಬಳಸುವಂತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಎರಡು ಮೂರು ದಿನಗಳ ನಂತರ ಚೂರುಗಳನ್ನು ಕುರ್ಚಿಯ ಕಾಲಿನ ಹಿಂದೆ, ಚಾಪೆಯ ಮಡಿಕೆಯಲ್ಲಿ, ಕೊನೆಗೆ ನಾಯಿಗೆ ಕಾಣದಂತೆ ಪಕ್ಕದ ಕೋಣೆಯಲ್ಲಿ ಇಡಬಹುದು. ಈ ಹಂತದಲ್ಲಿ ಅದನ್ನು ಗಮನಿಸುವುದೇ ಒಂದು ಸುಖ. ಸುಮ್ಮನೆ ನಡೆದು ಹೋಗುತ್ತಿದ್ದ ನಾಯಿ ಚೂರಿನ ಹತ್ತಿರ ಬಂದೊಡನೆ ತಲೆಯನ್ನು ಹಿಂದಕ್ಕೆ ಹೊರಳಿಸುತ್ತದೆ, ಮೂಗಿನ ಸದ್ದು ಚುರುಕಾಗುತ್ತದೆ, ಬಾಲದ ಬೀಸು ಗಿಡ್ಡವಾಗುತ್ತದೆ. ಆ ಹೊತ್ತಿಗೆ ಬೆರಳು ತೋರಿಸಿ ಸಹಾಯ ಮಾಡಿದರೆ ಅದು ಹುಡುಕುವುದನ್ನು ಬಿಟ್ಟು ನಮ್ಮ ಮುಖ ನೋಡಲು ಕಲಿಯುತ್ತದೆ. ಅದು ನಿಜಕ್ಕೂ ಸೋತು ಕುಳಿತರೆ ಮಾತ್ರ ಚೂರನ್ನು ಸ್ವಲ್ಪ ಹೊರಗೆಳೆದಿಡಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ.

ಮೂರನೆಯದಕ್ಕೆ ಅಡಿಕೆ ಹಾಳೆ ಸಾಕು, ಪೇಟೆಯ ದುಬಾರಿ ಆಟಿಕೆ ಬೇಕೆಂದಿಲ್ಲ. ಬೇಸಗೆಯಲ್ಲಿ ಬಿದ್ದು ಅಟ್ಟದಲ್ಲಿಟ್ಟ ಒಣ ಹಾಳೆಯಿಂದ ಒಂದು ಗೇಣು ಅಗಲ, ಎರಡು ಗೇಣು ಉದ್ದದ ತುಂಡನ್ನು ಕತ್ತರಿಸಿ, ಮೆದುವಾಗುವಷ್ಟು ಹೊತ್ತು ನೀರಿನಲ್ಲಿ ನೆನೆಸಿ, ನಡುವೆ ತಿಂಡಿಯ ಚೂರುಗಳನ್ನಿಟ್ಟು ಕೊಟ್ಟೆಯ (ಎಲೆಯ ಪೊಟ್ಟಣದ) ಹಾಗೆ ಮಡಚಿ, ತುದಿಯನ್ನು ಒಳಗೇ ಸಿಕ್ಕಿಸಬೇಕು. ದಾರ ಅಥವಾ ರಬ್ಬರ್ ಬ್ಯಾಂಡ್ ಕಟ್ಟಬಾರದು, ನಾಯಿ ಅದನ್ನು ನುಂಗಿಬಿಡುತ್ತದೆ. ಮೊದಲ ದಿನ ಮಡಿಕೆ ಸಡಿಲವಾಗಿರಲಿ. ಪಂಜದಿಂದ ಒತ್ತಿ ಹಿಡಿದು ಹಲ್ಲಿನಿಂದ ಎಳೆಯುವ ಉಪಾಯ ಹೊಳೆದ ಮೇಲೆ ಬಿಗಿ ಮಾಡುತ್ತಾ ಹೋಗಬಹುದು. ಕೊಟ್ಟೆ ಬಿಚ್ಚಿದ ಕೂಡಲೇ ಹಾಳೆಯನ್ನು ತೆಗೆದಿಡಬೇಕು, ಏಕೆಂದರೆ ಅದರ ನಾರು ಹೊಟ್ಟೆಗೆ ಹೋದರೆ ಕರುಳಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಹಾಳೆ ಸಿಗದ ಮನೆಯಲ್ಲಿ ಹಳೆಯ ಲುಂಗಿಯ ಮೇಲೆ ಚೂರುಗಳನ್ನು ಹರಡಿ ಸುರುಳಿ ಸುತ್ತಿಕೊಟ್ಟರೂ ನಡೆಯುತ್ತದೆ.

ತೋಟದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಿದ ನಂತರ ಬಿದ್ದ ಹಾಳೆಯ ಮೇಲೆ ಬೋರ್ಡೋ ದ್ರಾವಣದ ಮೈಲುತುತ್ತು ಅಂಟಿರುತ್ತದೆ, ಆದ್ದರಿಂದ ಅಂಥ ಹಾಳೆಯನ್ನು ನಾಯಿಯ ಬಾಯಿಗೆ ಕೊಡಬಾರದು. ಉರುಳಾಡುತ್ತದೆಂದು ಅಡಿಕೆಯನ್ನು ಚೆಂಡಿನಂತೆ ಎಸೆಯುವುದೂ ಸರಿಯಲ್ಲ. ಅಡಿಕೆಯ ಅರೆಕೊಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಲಾಡಿಹುಳ ಇಳಿಸಲು ಬಳಸುತ್ತಿದ್ದರು, ಜೊಲ್ಲು, ವಾಂತಿ, ಭೇದಿ ತರಿಸುವಷ್ಟು ಅದು ತೀಕ್ಷ್ಣ. ತೆಂಗಿನ ಗೆರಟೆಯನ್ನು ಕಚ್ಚಲು ಬಿಟ್ಟರೆ ಚಕ್ಕೆ ಎದ್ದು ಒಸಡನ್ನು ಸೀಳಬಹುದು.

ಇವೆರಡು ಆಟ ಚೆನ್ನಾಗಿ ಪಳಗಿದ ಮೇಲೆ ವಸ್ತುಗಳ ಹೆಸರು ಕಲಿಸಬಹುದು. ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1022 ಆಟಿಕೆಗಳ ಹೆಸರು ಕಲಿತದ್ದು 2011ರಲ್ಲಿ ವೈಜ್ಞಾನಿಕ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಮನೆಯ ನಾಯಿಗೆ ಚೆಂಡು, ಚೀಲ ಎಂಬ ಎರಡು ಹೆಸರು ಬಂದರೂ ಅದು ಸಣ್ಣ ಸಾಧನೆಯಲ್ಲ. ಒಂದು ವಸ್ತು ಗಟ್ಟಿಯಾದ ಮೇಲಷ್ಟೇ ಇನ್ನೊಂದನ್ನು ಪಕ್ಕದಲ್ಲಿಡಬೇಕು.

ಮನೆಯಲ್ಲಿ ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಆಡಿಸಬೇಕು, ತಿಂಡಿಯ ಎದುರು ಹಳೆಯ ಸ್ನೇಹ ನಿಲ್ಲುವುದಿಲ್ಲ. ಗುಡುಗು ಸಿಡಿಲಿನ ಹೊತ್ತಿಗೆ ಯಾವ ಆಟವೂ ಬೇಡ. ಹೆದರಿದ ನಾಯಿಗೆ ಒಳಕೋಣೆಯಲ್ಲಿ ಜಾಗ ಕೊಟ್ಟು ಸುಮ್ಮನಿರಲು ಬಿಡುವುದೇ ಮೇಲು.

ಮಳೆ ಹೊಳವಾದಾಗ ಹೊರಗೆ ಕರೆದೊಯ್ಯುವುದನ್ನು ಈ ಆಟಗಳ ಹೆಸರಿನಲ್ಲಿ ತಪ್ಪಿಸಬಾರದು. ಹಗ್ಗ ಹಿಡಿದು ಎಳೆಯದೆ, ಅದು ಮೂಸುವಷ್ಟು ಹೊತ್ತು ನಿಂತರೆ ಕಾಲು ಗಂಟೆಯ ನಡಿಗೆಯೂ ಸಾಕಾಗುತ್ತದೆ. ನಿಂತ ನೀರನ್ನು ಕುಡಿಯಲು ಬಿಡಬಾರದು, ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯನಿಗೂ ಬರಬಹುದು. ಅದಕ್ಕೆ ಲಸಿಕೆಯಿದೆ. ಒಳಗೆ ಬಂದ ಮೇಲೆ ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಪಂಜವನ್ನು ಎಡೆಬಿಡದೆ ನೆಕ್ಕುವುದು ಬೇಸರದ ಲಕ್ಷಣವಾಗಿರುವಂತೆಯೇ ತೇವದಿಂದ ಹತ್ತಿದ ಶಿಲೀಂಧ್ರದ ಲಕ್ಷಣವೂ ಆಗಿರಬಹುದು. ಚರ್ಮ ಕೆಂಪಾಗಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ಆಟದಿಂದ ಗುಣವಾಗುವ ವಿಷಯ ಅದಲ್ಲ, ಪಶುವೈದ್ಯರಿಗೆ ತೋರಿಸಬೇಕು.