ವೆಸ್ನೋತ್ ಆಡುವವರಿಗೆ: ಕೊನೆಯ ಏಟು ಮೇಜ್‌ಗೆ ಬಿಡಿ

ಸರದಿಯಂತೆ ಆಡುವ ಯುದ್ಧತಂತ್ರದ ಕಂಪ್ಯೂಟರ್ ಆಟ ಬ್ಯಾಟಲ್ ಫಾರ್ ವೆಸ್ನೋತ್‌ನಲ್ಲಿ ಶತ್ರುವನ್ನು ಈಟಿಯವರಿಂದ ಬಡಿಸಿ ಸುಸ್ತು ಮಾಡಿ, ಕೊನೆಯ ಏಟು ಮಾತ್ರ ಮೇಜ್ (ಮಂತ್ರವಾದಿ) ಕೈಗೆ ಬಿಡಿ. ಸುಮ್ನೆ ಹೊಡೆದಾಡಿದರೆ ಶತ್ರುವಿನ ಲೆವೆಲ್‌ನಷ್ಟೇ ಅನುಭವ (ಲೆವೆಲ್ ಏರಲು ಬೇಕಾದ ಅಂಕ) ಸಿಗುತ್ತದೆ, ಕೊಂದರೆ ಅದರ 8 ಪಟ್ಟು. ಮಂತ್ರದ ಏಟು ಬೀಳುವ ಸಾಧ್ಯತೆ ಎಲ್ಲಾ ನೆಲದಲ್ಲೂ 70%. ಶತ್ರು ಪಡೆಯ ಕಾಲಾಳು ಓರ್ಕ್ ಗ್ರಂಟ್‌ಗೆ 7 ಜೀವ ಉಳಿದಿದೆ ಅಂದುಕೊಳ್ಳಿ, ಹೊತ್ತು ಮುಳುಗುವ ಸಮಯ. ಮೇಜ್‌ನ ಮೂರು ಏಟಿನಲ್ಲಿ ಒಂದು ತಾಗಿದರೆ ಸಾಕು, ಅಂದರೆ 97% ಖಚಿತ. ಗ್ರಂಟ್ ಕೈಯಲ್ಲಿ ಕತ್ತಿ ಮಾತ್ರ ಇರುವುದರಿಂದ ದೂರದಿಂದ ಬರುವ ಮಂತ್ರಕ್ಕೆ ತಿರುಗಿ ಹೊಡೆಯಲೂ ಆಗದು. ‘ಬುದ್ಧಿವಂತ’ ಗುಣದ ಮೇಜ್ ಇದ್ದರೆ ಇನ್ನೂ ಒಳ್ಳೇದು, ಅದಕ್ಕೆ 20% ಕಡಿಮೆ ಅನುಭವ ಸಾಕು. ಲೆವೆಲ್ ಏರಿದ ಕೂಡಲೇ ಜೀವ ಪೂರ್ತಿ ತುಂಬುತ್ತದೆ, ವಿಷವೂ ಇಳಿಯುತ್ತದೆ. ಆಗ ನನ್ನ ಆಯ್ಕೆ ವೈಟ್ ಮೇಜ್: ಪಕ್ಕದವರಿಗೆಲ್ಲ ಪ್ರತಿ ಸರದಿಗೆ 8 ಜೀವ ತುಂಬುತ್ತದೆ. ಪಡೆಯಲ್ಲಿ ಈಗಾಗಲೇ ಒಬ್ಬ ವೈಟ್ ಮೇಜ್ ಇದ್ದರೆ ಮಾತ್ರ ಇನ್ನೊಂದು ಆಯ್ಕೆಯಾದ ರೆಡ್ ಮೇಜ್. ಆದರೆ ರಾತ್ರಿ ಹೊತ್ತು ಈ ಲೆಕ್ಕ ಕೈಕೊಡುತ್ತದೆ. ಮೇಜ್‌ನ ಬಲ 25% ಇಳಿಯುತ್ತದೆ, ಓರ್ಕ್‌ಗಳದ್ದು ಅಷ್ಟೇ ಏರುತ್ತದೆ. ಲೆವೆಲ್ ಏರದೆ ಮುಂದಿನ ಸಾಲಲ್ಲಿ ಒಂಟಿಯಾಗಿ ಉಳಿದ ಮೇಜ್ ಬೆಳಗಾಗುವವರೆಗೆ ಬದುಕುವುದು ಕಷ್ಟ.