ಮಸುಕು ಎಲ್ಲಿಂದ ಬಂತು? ಉದ್ದ ಲೆನ್ಸ್ ಕೈಯಲ್ಲೇ ಹಿಡಿದು ಹಕ್ಕಿ ಫೋಟೋ ತೆಗೆಯುವುದು

ನಾನು ಮಂಡ್ಯದಲ್ಲಿ ಟೈಲರ್. ಸೂಜಿ, ಕತ್ತರಿ ಹಿಡಿದು ಮೂವತ್ತು ವರ್ಷ ಆಯಿತು. ಎಂಟು ವರ್ಷದಿಂದ ಅದರ ಜೊತೆ ಒಂದು ಕ್ಯಾಮೆರಾನೂ ಇದೆ. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200, ಅದಕ್ಕೆ 200-500 ಎಂಎಂ ಲೆನ್ಸ್. ಎರಡೂ ಸೇರಿ ಮೂರು ಕಿಲೋ ತೂಗುತ್ತವೆ. ರಜೆ ಸಿಕ್ಕ ಬೆಳಗ್ಗೆ ರಂಗನತಿಟ್ಟಿಗೆ ಹೋಗುತ್ತೇನೆ, ಇಲ್ಲದಿದ್ದರೆ ಕೊಕ್ಕರೆ ಬೆಳ್ಳೂರಿಗೆ.

ಎರಡು ಕಡೆಯೂ ಟ್ರೈಪಾಡ್ ನನ್ನ ಕೆಲಸಕ್ಕೆ ಬರುವುದಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಅದರ ಕಾಲು ಚಾಚಲು ಜಾಗ ಎಲ್ಲಿ? ಚಾಚಿದರೂ ದೋಣಿ ಅಲ್ಲಾಡಿದ ಹಾಗೆ ಅದೂ ಅಲ್ಲಾಡುತ್ತದೆ. ಬೆಳ್ಳೂರಿನಲ್ಲಿ ಮರದ ಕೆಳಗೆ ನಿಂತಾಗ ಕೊಕ್ಕರೆ ತಲೆ ಮೇಲೆಯೇ ಹಾದು ಹೋಗುತ್ತದೆ. ಅದರ ಹಿಂದೆ ಲೆನ್ಸ್ ತಿರುಗಿಸಲು ಕೈಗಳೇ ಬೇಕು. ಹಾಗಾಗಿ ನಾನು ಕಲಿತದ್ದೆಲ್ಲ ಕೈಯಲ್ಲಿ ಹಿಡಿದು ತೆಗೆಯುವುದನ್ನೇ.

ಮೊದಲ ವರ್ಷ ಒಂದು ಫೋಟೋನೂ ಚೂಪಾಗಿ ಬರಲಿಲ್ಲ. ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಮಾರಿಬಿಡಲು ಗಿರಾಕಿಯನ್ನೂ ನೋಡಿದ್ದೆ. ಆಮೇಲೆ ಒಂದು ರಾತ್ರಿ ಕೂತು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಎಲ್ಲ ಮಸುಕೂ ಒಂದೇ ಥರ ಇರಲಿಲ್ಲ. ಹೊಲಿಗೆ ಸುಕ್ಕಾದರೆ ನಾವು ಮಿಷನ್ನನ್ನು ಬೈಯುವ ಮೊದಲು ದಾರ ನೋಡುತ್ತೇವೆ, ಸೂಜಿ ನೋಡುತ್ತೇವೆ, ಬಟ್ಟೆ ನೋಡುತ್ತೇವೆ. ಇಲ್ಲೂ ಹಾಗೇ. ಯಾವ ಮಸುಕು ಅಂತ ಗೊತ್ತಾದರೆ ಏನು ಸರಿಮಾಡಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ನಾನು ಹೀಗೆ ನೋಡುತ್ತೇನೆ. ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ, ಗೆರೆಗಳು ಎರಡೆರಡು ಕಂಡರೆ, ಅಲ್ಲಾಡಿದ್ದು ನನ್ನ ಕೈ. ಕೊಂಬೆಯ ತೊಗಟೆ ಚೆನ್ನಾಗಿ ಕಂಡು ಹಕ್ಕಿಯ ತಲೆ ಮಾತ್ರ ಎಳೆದಂತಿದ್ದರೆ, ಅಲ್ಲಾಡಿದ್ದು ಹಕ್ಕಿ. ಹಕ್ಕಿ ಮೆತ್ತಗೆ ಕಂಡು ಅದರ ಹಿಂದಿನ ಎಲೆಯೋ ಮುಂದಿನ ಹುಲ್ಲೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಏನೂ ಚೂಪಾಗಿಲ್ಲ, ಅಂಚೆಲ್ಲ ಅಂಕುಡೊಂಕಾಗಿದೆ, ಒಂದರ ಹಿಂದೊಂದು ತೆಗೆದ ಫೋಟೋಗಳಲ್ಲಿ ಆ ಡೊಂಕು ಬೇರೆ ಬೇರೆ ಥರ ಇದೆ ಅಂದರೆ ಅದು ಬಿಸಿ ಗಾಳಿಯ ಕೆಲಸ. ಈ ನಾಲ್ಕಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಪ್ರಯೋಜನ ಇಲ್ಲ.

ಐದನೆಯದೂ ಒಂದಿತ್ತು. ಲೆನ್ಸ್ ಕೊಂಡಾಗ ಅಂಗಡಿಯವರು ಗಾಜು ಕಾಪಾಡುತ್ತದೆ ಅಂತ ಒಂದು ಅಗ್ಗದ ಯುವಿ ಫಿಲ್ಟರ್ ಹಾಕಿಕೊಟ್ಟಿದ್ದರು. ಅದನ್ನು ತೆಗೆದ ದಿನವೇ ಫೋಟೋ ಬದಲಾಯಿತು. ಉದ್ದ ಲೆನ್ಸಿನ ಮುಂದೆ ಅಂಥ ಫಿಲ್ಟರ್ ಬೇಡ. ಲೆನ್ಸಿನ ಜೊತೆ ಬರುವ ಹುಡ್, ಅಂದರೆ ಮೂತಿಗೆ ಸಿಕ್ಕಿಸುವ ಕೊಳವೆ, ಹಾಕಿ. ಗಾಜು ಕಾಪಾಡಲು ಅದು ಸಾಕು.

ಹಿಡಿತ

ಸೂಜಿಗೆ ದಾರ ಪೋಣಿಸುವಾಗ ನಿಮ್ಮ ಮೈಯನ್ನೇ ಗಮನಿಸಿ. ಮೊಣಕೈ ಎರಡೂ ಪಕ್ಕೆಗೆ ಅಂಟಿಕೊಳ್ಳುತ್ತವೆ. ಉಸಿರು ಅರ್ಧ ಬಿಟ್ಟು ನಿಲ್ಲುತ್ತದೆ. ಭುಜ ಇಳಿಯುತ್ತದೆ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ. ಕ್ಯಾಮೆರಾಕ್ಕೂ ಅದೇ ಮೈ ಬೇಕು.

ಎಡಗೈ ಲೆನ್ಸಿನ ಕೆಳಗೆ ಇರಲಿ, ಅಂಗೈ ಮೇಲ್ಮುಖವಾಗಿ. ಹೊಸಬರು ಕೈಯನ್ನು ಕ್ಯಾಮೆರಾದ ಹತ್ತಿರವೇ ಇಡುತ್ತಾರೆ. ಆಗ ಲೆನ್ಸಿನ ಮೂತಿ ತೂಗಾಡುತ್ತದೆ. ಲೆನ್ಸನ್ನು ಒಂದು ಕೈ ಮೇಲೆ ಇಟ್ಟು ತಕ್ಕಡಿ ಥರ ತೂಗಿ ನೋಡಿ, ಯಾವ ಜಾಗದಲ್ಲಿ ಎರಡು ಕಡೆಯೂ ಸಮ ನಿಲ್ಲುತ್ತದೋ ಅದೇ ಕೈಯ ಜಾಗ. ಜೂಮ್ ಮಾಡಿದಾಗ ಲೆನ್ಸ್ ಉದ್ದವಾಗುವ ಮಾದರಿಯಾದರೆ ಆ ಜಾಗವೂ ಮುಂದಕ್ಕೆ ಸರಿಯುತ್ತದೆ, ಕೈಯನ್ನೂ ಸರಿಸಿ. ಲೆನ್ಸಿನ ಕೆಳಗೆ ಟ್ರೈಪಾಡಿಗೆ ಕೂರಿಸುವ ಕಾಲೊಂದು ಇರುತ್ತದಲ್ವಾ, ಅದು ಅಂಗೈಗೆ ಒತ್ತಿದರೆ ಮೇಲಕ್ಕೆ ತಿರುಗಿಸಿಬಿಡಿ. ಎತ್ತಿಕೊಂಡು ನಡೆಯಲು ಹಿಡಿಯೂ ಆಗುತ್ತದೆ.

ಎಡ ಮೊಣಕೈ ಎದೆಗೆ ಒತ್ತಿರಲಿ. ಕಣ್ಣಿಟ್ಟು ನೋಡುವ ಕಿಂಡಿಯ ರಬ್ಬರ್ ಹುಬ್ಬಿಗೆ ಒತ್ತಿರಲಿ. ಎರಡು ಕೈ, ಒಂದು ಹಣೆ, ಹೀಗೆ ಮೂರು ಕಡೆ ಆಸರೆ ಸಿಗುತ್ತದೆ. ಹಿಂದಿನ ಪರದೆ ನೋಡುತ್ತಾ ಕೈ ಚಾಚಿ ತೆಗೆದರೆ ಈ ಆಸರೆ ಹೋಯಿತು. ಕಾಲು ಭುಜದಷ್ಟು ಅಗಲ, ಎಡಗಾಲು ಅರ್ಧ ಹೆಜ್ಜೆ ಮುಂದೆ. ಕೂರಲು ಆದರೆ ಒಂದು ಮಂಡಿ ಊರಿ ಕೂರಿ. ಆದರೆ ಮೊಣಕೈ ಮೂಳೆಯನ್ನು ಮಂಡಿ ಚಿಪ್ಪಿನ ಮೇಲೆ ಇಡಬೇಡಿ, ಮೂಳೆ ಮೇಲೆ ಮೂಳೆ ಉರುಳುತ್ತದೆ. ಮೊಣಕೈಗಿಂತ ಸ್ವಲ್ಪ ಮೇಲಿನ ತೋಳಿನ ಮಾಂಸ ಮಂಡಿಗೆ ತಾಗಲಿ.

ಬಟನ್ ಒತ್ತುವುದು ಕೂಡ ಕಲಿಯುವ ವಿಷಯವೇ. ಬೆರಳು ಬಟನ್ ಮೇಲೇ ಇರಲಿ, ಉಸಿರು ಬಿಡುತ್ತಾ ಮೆಲ್ಲಗೆ ಹಿಂಡಿ. ಕುಟ್ಟಬೇಡಿ. ಮೂರ್ನಾಲ್ಕು ಫೋಟೋ ಒಟ್ಟಿಗೆ ತೆಗೆಯಿರಿ. ಮೊದಲನೆಯದರಲ್ಲಿ ಬೆರಳು ಒತ್ತಿದ ಅಲುಗಾಟ ಇರುತ್ತದೆ, ಎರಡನೆಯದೋ ಮೂರನೆಯದೋ ಚೆನ್ನಾಗಿ ಬರುತ್ತದೆ.

ಮೂರು ಕಿಲೋ ಎತ್ತಿಕೊಂಡೇ ಕಾಯಬೇಡಿ. ಒಂದು ನಿಮಿಷ ದಾಟಿದರೆ ಕೈ ನಡುಗಲು ಶುರು. ಹಕ್ಕಿ ಕೂತಿರುವಾಗ ಇಳಿಸಿ, ಅದು ಮೈ ಬಾಗಿಸಿ ಹಾರುವ ಸೂಚನೆ ಕೊಟ್ಟಾಗ ಎತ್ತಿ. ಹಾರುವ ಮೊದಲು ತುಂಬ ಹಕ್ಕಿಗಳು ಹಿಕ್ಕೆ ಹಾಕುತ್ತವೆ. ಅದನ್ನು ಕಂಡ ಕೂಡಲೇ ನಾನು ಲೆನ್ಸ್ ಎತ್ತುತ್ತೇನೆ.

ಶಟರ್ ವೇಗ

ಹಳೆಯ ಲೆಕ್ಕ ಒಂದಿದೆ. ಲೆನ್ಸ್ ಎಷ್ಟು ಎಂಎಂ ಇದೆಯೋ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ಅಷ್ಟನೇ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿರಬಾರದು. 500ಕ್ಕೆ 1/500. ನನ್ನ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಅದಕ್ಕೆ ಒಂದೂವರೆ ಪಟ್ಟು, ಅಂದರೆ 1/750. ನಾನು ಅದನ್ನೂ ದಾಟಿ, ಕೂತ ಹಕ್ಕಿಗೆ 1/1000 ಇಡುತ್ತೇನೆ. ರೆಕ್ಕೆ ಚಾಚಿ ತೇಲುವ ಬಣ್ಣದ ಕೊಕ್ಕರೆಗೆ 1/1600. ನದಿ ರೀವ, ಮಿಂಚುಳ್ಳಿ ಥರದವಕ್ಕೆ 1/2500ಕ್ಕೆ ಕಡಿಮೆ ಇಲ್ಲ. ಬಂಡೆ ಮೇಲೆ ಬಿಸಿಲು ಕಾಯುವ ಮೊಸಳೆಗೆ 1/400 ಸಾಕು, ಅದು ಅಲ್ಲಾಡುವುದಿಲ್ಲ. ಆದರೆ ದೋಣಿ ಅಲ್ಲಾಡುತ್ತದೆ, ನೆನಪಿರಲಿ.

ಬೆಳಗಿನ ಬೆಳಕಿಗೆ ಈ ವೇಗ ಇಟ್ಟರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಅಂದರೆ ಐಎಸ್‌ಒ ಮೇಲೆ ಹೋಗುತ್ತದೆ. ಹೋಗಲಿ ಬಿಡಿ. ಈ ಒಂದು ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಐಎಸ್‌ಒ 3200ರ ಕಾಳು ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿಳಿ ಮಾಡಬಹುದು. ಅಲ್ಲಾಡಿ ಎಳೆದುಹೋದ ಗರಿಯನ್ನು ಹಾಗೆ ವಾಪಸ್ ತರಲು ಆಗುವುದಿಲ್ಲ. ನಾನು ಕ್ಯಾಮೆರಾವನ್ನು ಎಂ ಮೋಡಿಗೆ ಹಾಕಿ, ಶಟರ್ ಮತ್ತು ಅಪರ್ಚರ್ (ಲೆನ್ಸಿನೊಳಗಿನ ರಂಧ್ರ ಎಷ್ಟು ತೆರೆದಿರಬೇಕು ಅನ್ನುವುದು) ನಾನೇ ಇಟ್ಟು, ಐಎಸ್‌ಒ ಮಾತ್ರ ಆಟೋ ಬಿಡುತ್ತೇನೆ.

ಅಪರ್ಚರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಬಗೆಯ ಜೂಮ್ ಲೆನ್ಸುಗಳು ಪೂರ್ತಿ ತೆರೆದಾಗಿನದಕ್ಕಿಂತ ಒಂಚೂರು ಮುಚ್ಚಿದಾಗ ಇನ್ನಷ್ಟು ಚೂಪು. ಬೆಳಕಿದ್ದರೆ ಎಫ್/7.1 ಅಥವಾ 8, ಇಲ್ಲದಿದ್ದರೆ 5.6 (ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು).

ವಿಆರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಿಕಾನಿನವರು ವಿಆರ್ ಅನ್ನುತ್ತಾರೆ, ಕ್ಯಾನನ್‌ನವರು ಐಎಸ್, ಸಿಗ್ಮಾದವರು ಓಎಸ್, ಟ್ಯಾಮ್ರಾನ್‌ನವರು ವಿಸಿ. ಕೆಲಸ ಒಂದೇ, ನಿಮ್ಮ ಕೈಯ ಅಲುಗಾಟ ತಡೆಯುವುದು. ಹಕ್ಕಿ ತಲೆ ಅಲ್ಲಾಡಿಸಿದರೆ ಅದು ಏನೂ ಮಾಡಲಾರದು. ವಿಆರ್ ಇದೆ ಅಂತ 1/200ಕ್ಕೆ ತೆಗೆದ ಹಕ್ಕಿ ಫೋಟೋಗಳಲ್ಲಿ ಕೊಂಬೆ ಚೂಪು, ಹಕ್ಕಿ ಮಸುಕು. ನನ್ನ ಮೊದಲ ವರ್ಷದ ಅರ್ಧ ಫೋಟೋಗಳು ಇಂಥವೇ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಫೋಕಸ್ಸನ್ನು ಕ್ಯಾಮೆರಾ ಬೆನ್ನಿನ ಮೇಲಿರುವ ಹಿಂದಿನ ಬಟನ್ನಿಗೆ ಕೊಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಹೆಬ್ಬೆರಳು ಫೋಕಸ್ ನೋಡಿಕೊಳ್ಳುತ್ತದೆ, ತೋರುಬೆರಳು ಶಟರ್. ಆದರೆ ನನ್ನಂಥ ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ಗಮನಿಸಿ. ಹಿಂದಿನ ಬಟನ್ ಒತ್ತಿದರೆ ವಿಆರ್ ಶುರು ಆಗುವುದಿಲ್ಲ. ಶಟರ್ ಬಟನ್ನನ್ನು ಅರ್ಧ ಒತ್ತಿದರೆ ಮಾತ್ರ ಆಗುತ್ತದೆ. ಹಾಗಾಗಿ ಶಟರನ್ನೂ ಅರ್ಧ ಒತ್ತಿ, ಕಿಂಡಿಯೊಳಗಿನ ಚಿತ್ರ ನಿಂತಿತು ಅನ್ನಿಸಿದ ಮೇಲೆ ಪೂರ್ತಿ ಒತ್ತಿ.

ಲೆನ್ಸಿನಲ್ಲಿ ಸ್ಪೋರ್ಟ್ ಅನ್ನುವ ಗುರುತಿದ್ದರೆ ಹಾರುವ ಹಕ್ಕಿಗೆ ಅದನ್ನೇ ಹಾಕಿ. ದೋಣಿಯಲ್ಲಿ ನಾನು ಯಾವಾಗಲೂ ಅದರಲ್ಲೇ ಇಡುತ್ತೇನೆ.

ಫೋಕಸ್

ಹತ್ತು ಮೀಟರ್ ದೂರದ ಹಕ್ಕಿಗೆ 500 ಎಂಎಂ, ಎಫ್/5.6 ಇಟ್ಟರೆ ನನ್ನ ಕ್ಯಾಮೆರಾದಲ್ಲಿ ಚೂಪಾಗಿ ಬರುವ ಆಳ ಸುಮಾರು 9 ಸೆಂಟಿಮೀಟರ್. ಒಂದು ಅಂಗೈ ಅಗಲ, ಅಷ್ಟೇ. ಬಣ್ಣದ ಕೊಕ್ಕರೆ ನಮ್ಮ ಕಡೆ ಮುಖ ಮಾಡಿದರೆ ಅದರ ಕೊಕ್ಕೇ ಅದಕ್ಕಿಂತ ಉದ್ದ. ಕೊಕ್ಕಿನ ತುದಿಗೆ ಫೋಕಸ್ ಕೂತರೆ ಕಣ್ಣು ಹೋಯಿತು. ಕಣ್ಣು ಚೂಪಾಗಿಲ್ಲದಿದ್ದರೆ ನೋಡುವವರಿಗೆ ಇಡೀ ಫೋಟೋನೇ ಮಸುಕು ಅನ್ನಿಸುತ್ತದೆ.

ಕೂತ ಹಕ್ಕಿಗೆ, ಕಿಂಡಿಯೊಳಗೆ ಕಾಣುವ ಫೋಕಸ್ ಚುಕ್ಕಿಗಳಲ್ಲಿ ಒಂದನ್ನೇ ಆರಿಸಿ ಅದರ ಕಣ್ಣಿನ ಮೇಲೆ ಇಡಿ. ಹಾರುವ ಹಕ್ಕಿಗೆ ಒಂಬತ್ತು ಚುಕ್ಕಿಗಳ ಗುಂಪು ಹಾಕಿ. ಎರಡಕ್ಕೂ ನಿರಂತರ ಫೋಕಸ್ ಇರಲಿ, ಅಂದರೆ ಎಎಫ್-ಸಿ. ಯಾಕೆಂದರೆ ಹಕ್ಕಿ ಕೂತಿದ್ದರೂ ನೀವು ಹಿಂದೆ ಮುಂದೆ ಒಂದಿಷ್ಟು ತೂಗುತ್ತಲೇ ಇರುತ್ತೀರಿ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕುತ್ತದೆ. ಇದ್ದವರು ಖಂಡಿತ ಬಳಸಿ. ಆದರೂ ಗೂಡಿನ ಕಡ್ಡಿಗಳ ನಡುವೆ ಹಕ್ಕಿ ಇದ್ದಾಗ ಒಂದು ಚುಕ್ಕಿಯನ್ನು ನಾವೇ ಇಡುವುದು ವಾಸಿ.

ಹಾರುವ ಹಕ್ಕಿಗೆ ಕಾಯುವಾಗ ಗಾಳಿ ನೋಡಿ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿಯೇ ಏಳುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆ ಇರುತ್ತದೆ. ಬಿಸಿಲೂ ಬೆನ್ನಿಗಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳ್ಳೂರಿನಲ್ಲಿ ಗೂಡು ಕಟ್ಟುವ ಕಾಲದಲ್ಲಿ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಮತ್ತೆ ಮತ್ತೆ ಅದೇ ಮರಕ್ಕೆ ಬರುತ್ತವೆ. ಎರಡು ಸಲ ಸುಮ್ನೆ ನೋಡಿ ದಾರಿ ಗುರುತು ಮಾಡಿಕೊಂಡರೆ ಮೂರನೇ ಸಲಕ್ಕೆ ಲೆನ್ಸ್ ಸಿದ್ಧ ಇರುತ್ತದೆ. ಅಲ್ಲಿ ಹಕ್ಕಿಗಳನ್ನು ಕಾಪಾಡಿಕೊಂಡು ಬಂದವರು ಊರಿನ ಜನ. ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು ದಯವಿಟ್ಟು ಬೇಡ. ಗೂಡು ಬಿಟ್ಟು ಎದ್ದ ತಾಯಿ ವಾಪಸ್ ಬರುವಷ್ಟರಲ್ಲಿ ಮೊಟ್ಟೆಯೋ ಮರಿಯೋ ಕಾಗೆ ಪಾಲಾಗಬಹುದು.

ದೋಣಿ, ಜೀಪು, ಬಿಸಿಲು

ದೋಣಿಯ ಅಂಚಿಗೆ ಲೆನ್ಸ್ ಒರಗಿಸಬೇಡಿ. ದೋಣಿಯ ಪ್ರತಿ ಕುಲುಕಾಟವೂ ಲೆನ್ಸಿಗೆ ಬರುತ್ತದೆ. ಕೂತಲ್ಲೇ ಸೊಂಟದಿಂದ ಮೇಲೆ ಮೈ ಸಡಿಲ ಬಿಡಿ, ತೂಗಾಟವನ್ನು ಸೊಂಟವೇ ನುಂಗಲಿ. ಹುಟ್ಟು ಹಾಕುವವರು ಹುಟ್ಟನ್ನು ನೀರಿಂದ ಎತ್ತಿದಾಗ ದೋಣಿ ಒಂದು ಕ್ಷಣ ಸುಮ್ಮನೆ ಜಾರುತ್ತದೆ. ಆಗ ಒತ್ತಿ. ನಿಲ್ಲಲು ಹೋಗಬೇಡಿ, ಕೆಳಗೆ ಮೊಸಳೆ ಇದೆ.

ನಾಗರಹೊಳೆಗೆ ಎರಡು ಸಲ ಹೋಗಿದ್ದೇನೆ. ಜೀಪಿಗೆ ನಾನು ಹಳೆಯ ಜೀನ್ಸ್ ಪ್ಯಾಂಟಿನ ಕಾಲಲ್ಲಿ ಒಂದು ಚೀಲ ಹೊಲಿದುಕೊಂಡೆ. ಒಂದು ಮೊಳ ಉದ್ದ, ಎರಡು ತುದಿಗೂ ಡಬಲ್ ಹೊಲಿಗೆ, ಒಂದು ಕಡೆ ಜಿಪ್. ಒಳಗೆ ಎರಡೂವರೆ ಕಿಲೋ ಹುರುಳಿಕಾಳು. ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಬಿಗಿ ತುಂಬಿದರೆ ಲೆನ್ಸ್ ಅದರೊಳಗೆ ಕೂರುವುದಿಲ್ಲ. ಜೀಪಿನ ಕಂಬಿ ಮೇಲೆ ಇಟ್ಟರೆ ಬೆಣ್ಣೆಯಲ್ಲಿ ಬೆರಳು ಇಟ್ಟ ಹಾಗೆ ಕೂರುತ್ತದೆ. ಇಂಜಿನ್ ಆಫ್ ಮಾಡಲು ಚಾಲಕರಿಗೆ ಮೊದಲೇ ಕೇಳಿಕೊಳ್ಳಿ. ಆಫ್ ಮಾಡದಿದ್ದರೆ ಚೀಲ ತೆಗೆದು ಕೈಯಲ್ಲೇ ಹಿಡಿಯಿರಿ.

ಬಿಸಿ ಗಾಳಿಗೆ ಮಾತ್ರ ಮದ್ದಿಲ್ಲ. ಹತ್ತು ಗಂಟೆ ದಾಟಿದರೆ ಬಂಡೆಗಳು ಕಾಯುತ್ತವೆ, ಅವುಗಳ ಮೇಲಿನ ಗಾಳಿ ಕುಣಿಯುತ್ತದೆ. ಎಷ್ಟು ದುಬಾರಿ ಲೆನ್ಸ್ ಆದರೂ ಐವತ್ತು ಮೀಟರ್ ಆಚೆಯ ಹಕ್ಕಿ ಕಲಸಿಹೋಗುತ್ತದೆ. ಹತ್ತಿರದ ಹಕ್ಕಿ ತೆಗೆಯಿರಿ, ಇಲ್ಲವೇ ಮನೆಗೆ ಹೋಗಿ.

ಮನೆಯಲ್ಲಿ ಒಂದು ಪರೀಕ್ಷೆ

ಎದುರು ಬೀದಿಯ ಅಂಗಡಿ ಬೋರ್ಡು ಇದ್ದರೆ ಸಾಕು. ವಿಆರ್ ಹಾಕಿ, ನಿಂತುಕೊಂಡು, 1/1000ದಲ್ಲಿ ಹತ್ತು ಫೋಟೋ ತೆಗೆಯಿರಿ. ಆಮೇಲೆ 1/500ರಲ್ಲಿ ಹತ್ತು, 1/250, 1/125, ಹೀಗೆ ಇಳಿಯಿರಿ. ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ, ಪ್ರತಿ ಹತ್ತರಲ್ಲಿ ಎಷ್ಟು ಚೂಪು ಅಂತ ಎಣಿಸಿ. ಎಂಟಕ್ಕಿಂತ ಕಡಿಮೆ ಆಗುವ ವೇಗವೇ ನಿಮ್ಮ ಕೈಯ ಮಿತಿ. ನನ್ನದು 1/250. ಚಹಾ ಜಾಸ್ತಿ ಕುಡಿದ ದಿನ 1/320. ಕೂತು ತೆಗೆದು ನೋಡಿ, ಗೋಡೆಗೆ ಒರಗಿ ನೋಡಿ, ಅಂಕಿ ಬದಲಾಗುವುದು ಕಾಣುತ್ತದೆ.

ಹಾರುವ ಹಕ್ಕಿ ತೆಗೆಯುವುದನ್ನು ಕಲಿಯಲು ಊರಿನ ಹದ್ದು, ಕಾಗೆಗಳೇ ಗುರು. ಸಂಜೆ ಅಂಗಡಿ ಮುಂದೆ ಹತ್ತು ನಿಮಿಷ ಅವುಗಳ ಹಿಂದೆ ಲೆನ್ಸ್ ತಿರುಗಿಸುತ್ತೇನೆ. ಫೋಟೋ ತೆಗೆಯದಿದ್ದರೂ ಸರಿ, ಹಕ್ಕಿ ಚೌಕಟ್ಟಿನ ನಡುವೆ ನಿಂತರೆ ಸಾಕು.

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾನು ನಾಲ್ಕು ಕಾಲಂ ಹಾಕಿಕೊಂಡಿದ್ದೇನೆ: ಕೈ, ಹಕ್ಕಿ, ಫೋಕಸ್, ಬಿಸಿಲು. ಅಳಿಸುವ ಪ್ರತಿ ಫೋಟೋಗೂ ಒಂದು ಗೆರೆ. ಮೊದಲು ಕೈ ಕಾಲಂ ತುಂಬಿ ತುಳುಕುತ್ತಿತ್ತು. ಈ ವರ್ಷ ಫೋಕಸ್ ಕಾಲಂ ಉದ್ದ ಇದೆ, ಅದರಲ್ಲೂ ರಂಗನತಿಟ್ಟಿನ ಬಂಡೆಗಳಿಗೆ ಮಣ್ಣಿನ ಗೂಡು ಅಂಟಿಸುವ ಕವಲುತೋಕೆಗಳಿಂದ. ಮಳೆಗಾಲಕ್ಕೆ ಕಾವೇರಿ ಉಕ್ಕಿ ದೋಣಿ ನಿಲ್ಲುವ ಮೊದಲು ಇನ್ನೆರಡು ಸಲ ಹೋಗಬೇಕು. ಈ ಸಲ ಅವುಗಳನ್ನು ಬೆನ್ನಟ್ಟುವುದಿಲ್ಲ. ಗೂಡಿನ ಅಂಚಿಗೆ ಫೋಕಸ್ ಇಟ್ಟು, 1/3200ಕ್ಕೆ, ಹಕ್ಕಿ ಬರುವುದನ್ನು ಕಾಯುತ್ತೇನೆ.