ಎಚ್-4 ಇಎಡಿ: ಕಾಗದ ನಿಮ್ಮ ಕೈಯಲ್ಲೂ ಇರಲಿ

ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. “ಅಕ್ಕಾ, ನಾನು ಎಚ್-4ನಲ್ಲಿ ಬಂದಿದ್ದೀನಿ. ನಾನೂ ಕೆಲಸಕ್ಕೆ ಹೋಗಬಹುದಾ?” ನಾನು ತಿರುಗಿ ಕೇಳುವುದು ಒಂದೇ: “ಯಜಮಾನರ ಐ-140 ಆಗಿದೆಯಾ?” ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. “ಅದೆಲ್ಲ ಅವರೇ ನೋಡ್ಕೋತಾರೆ” ಅನ್ನುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿ ಇರುವವರ ಗಂಡನಿಗೋ ಹೆಂಡತಿಗೋ ಸಿಗುವುದು ಎಚ್-4. ಅದೊಂದೇ ಇದ್ದರೆ ಅಮೆರಿಕದಲ್ಲಿ ಕೆಲಸ ಮಾಡುವ ಹಾಗಿಲ್ಲ. ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್ ಬೇಕು. 2015ರ ಮೇ 26ರಿಂದ ಎಚ್-4ನವರೂ ಇದಕ್ಕೆ ಅರ್ಜಿ ಹಾಕಬಹುದು, ಆದರೆ ಎಲ್ಲರೂ ಅಲ್ಲ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಐ-140 ಅಪ್ರೂವ್ ಆಗಿರಬೇಕು. ಇಲ್ಲವೇ ಗ್ರೀನ್ ಕಾರ್ಡ್ ಕೆಲಸ ನಡೆಯುತ್ತಿದೆ ಎಂಬ ಕಾರಣಕ್ಕೆ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಎಚ್-4ನಲ್ಲಿರುವ ಮಕ್ಕಳಿಗೆ ಇದು ಸಿಗುವುದಿಲ್ಲ. ಈ ನಿಯಮದ ವಿರುದ್ಧ ಹತ್ತು ವರ್ಷ ಕೇಸು ನಡೆಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, ನಿಯಮ ಉಳಿಯಿತು.

ಕಂಪನಿಯೇ ಇಲ್ಲಿಗೆ ವರ್ಗ ಮಾಡಿದ ಎಲ್-1ನವರ ಸಂಗಾತಿಗಳೇ, ನಿಮ್ಮದು ಬೇರೆ ಕಥೆ. ನಿಮ್ಮ ಐ-94ರಲ್ಲಿ, ಅಂದರೆ ದೇಶದೊಳಗೆ ಬಂದ ದಾಖಲೆಯಲ್ಲಿ, ‘ಎಲ್-2ಎಸ್’ ಅಂತ ಇದ್ದರೆ ಕೆಲಸಕ್ಕೆ ಇಎಡಿಯೇ ಬೇಡ. ಸುಮ್ನೆ ದುಡ್ಡು ಕಟ್ಟಬೇಡಿ.

ಯಾವ ಯಾವ ಕಾಗದ?

ಮೊದಲು ಮದುವೆ ಸರ್ಟಿಫಿಕೇಟ್. ಲಗ್ನಪತ್ರಿಕೆ, ಛತ್ರದ ರಸೀದಿ, ಫೋಟೋ ಆಲ್ಬಂ ಯಾವುದೂ ಅದರ ಜಾಗಕ್ಕೆ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಟ್ಟದ್ದು ಬೇಕು. ಅದು ಊರಿನ ಬೀರುವಿನಲ್ಲಿದ್ದರೆ ಈಗಲೇ ಅಪ್ಪನಿಗೋ ಅತ್ತೆಗೋ ಹೇಳಿ ಸ್ಕ್ಯಾನ್ ಮಾಡಿಸಿ ತರಿಸಿಕೊಳ್ಳಿ. ಕನ್ನಡದಲ್ಲಿ ಇದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಎರಡೂ ಭಾಷೆ ಬಲ್ಲವರು ಅನುವಾದಿಸಿ, ‘ಇದು ಪೂರ್ಣ, ಸರಿಯಾದ ಅನುವಾದ, ನನಗೆ ಎರಡೂ ಭಾಷೆ ಬರುತ್ತದೆ’ ಎಂದು ಬರೆದು ಸಹಿ ಹಾಕಬೇಕು. ಗಂಡ ಹೆಂಡತಿ ತಾವೇ ಮಾಡಿಕೊಳ್ಳುವುದು ಬೇಡ, ಕನ್ನಡ ಕೂಟದಲ್ಲಿ ಯಾರನ್ನಾದರೂ ಕೇಳಿ.

ನಮ್ಮವರಿಗೆ ಜಾಸ್ತಿ ತಲೆನೋವು ಕೊಡುವುದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ‘ರಮ್ಯಾ ಎಸ್.’, ಮದುವೆ ಸರ್ಟಿಫಿಕೇಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಬರೀ ‘ರಮ್ಯಾ’, ಸರ್‌ನೇಮ್ ಜಾಗ ಖಾಲಿ. ಆಗ ವೀಸಾದಲ್ಲಿ ರಮ್ಯಾ ಸರ್‌ನೇಮ್ ಆಗಿ ಹೋಗುತ್ತಾಳೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ! ಫಾರಂನಲ್ಲಿ ವೀಸಾ ಮತ್ತು ಐ-94ರಲ್ಲಿ ಇರುವ ಹಾಗೇ ಬರೆಯಿರಿ. ಉಳಿದ ರೂಪಗಳನ್ನೆಲ್ಲ ‘ಬೇರೆ ಹೆಸರುಗಳು’ ಅನ್ನುವ ಜಾಗದಲ್ಲಿ ತುಂಬಿ.

ಆಮೇಲೆ ಐ-140ರ ಅಪ್ರೂವಲ್ ನೋಟಿಸ್. ನನ್ನವರ ಆಗಿನ ಕಂಪನಿ ಅದರ ನಕಲು ಕೊಡಲೇ ಇಲ್ಲ. “ಅರ್ಜಿ ನಮ್ಮದು, ನಿಮ್ಮದಲ್ಲ” ಅಂದರು. ಮಾತು ಸುಳ್ಳಲ್ಲ, ಆದರೆ ನಾನು ಐದು ತಿಂಗಳು ಮನೆಯಲ್ಲಿ ಕೂತೆ. ನಕಲು ಸಿಗದಿದ್ದರೆ ಅದರ ರಸೀದಿ ನಂಬರನ್ನಾದರೂ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸ ಬದಲಾಯಿಸುವ ಯೋಚನೆ ಇದ್ದರೆ ರಾಜೀನಾಮೆ ಕೊಡುವ ಮೊದಲೇ ಕೇಳುವುದು ಒಳ್ಳೆಯದು. ಬಿಟ್ಟ ಮೇಲೆ ಯಾರು ಫೋನ್ ಎತ್ತುತ್ತಾರೆ?

ಇನ್ನು ಐ-94. ಇದು ಪಾಸ್‌ಪೋರ್ಟಿಗೆ ಹೊಡೆಯುವ ವೀಸಾ ಅಲ್ಲ, ನೀವು ಇಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ. ಊರಿಗೆ ಹೋಗಿ ಬಂದಾಗಲೆಲ್ಲ ಗಡಿ ತಪಾಸಣಾ ಇಲಾಖೆ ಸಿಬಿಪಿಯ ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅಲ್ಲಿಗೇ ನಿಲ್ಲಬಹುದು. ಇಎಡಿಯ ಅವಧಿ ಸಾಮಾನ್ಯವಾಗಿ ನಿಮ್ಮ ಎಚ್-4 ಮುಗಿಯುವ ದಿನದವರೆಗೆ, ಹಾಗಾಗಿ ಈ ತಾರೀಖು ತಪ್ಪಿದರೆ ಅದೂ ತಪ್ಪುತ್ತದೆ.

ಫಾರಂ ತುಂಬುವಾಗ

ಫಾರಂ ಐ-765, ವರ್ಗ ‘ಸಿ 26’. ಅಲ್ಲಿ ಸಂಗಾತಿಯ ರಸೀದಿ ನಂಬರ್ ಕೇಳುತ್ತಾರೆ. ತುಂಬ ಜನ ಐ-140ರದ್ದು ಬರೆದುಬಿಡುತ್ತಾರೆ. ಬೇಕಾಗಿರುವುದು ಎಚ್-1ಬಿಯ ಇತ್ತೀಚಿನ ನೋಟಿಸಿನ ನಂಬರ್. ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು ಅನ್ನುವುದಕ್ಕೂ ಇದೇ ಫಾರಂನಲ್ಲಿ ಟಿಕ್ ಹಾಕಿ, ಆ ಕಚೇರಿಗೆ ಒಂದು ಓಡಾಟ ಉಳಿಯಬಹುದು. ಎರಡು ಇಂಚು ಚೌಕದ ಎರಡು ಫೋಟೋ ಬೇಕು.

ಕಾಗದದ ಅರ್ಜಿಗೆ ಶುಲ್ಕ 520 ಡಾಲರ್, ಆನ್‌ಲೈನಿಗೆ 470. ಕಳಿಸುವ ದಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಪುಟದಲ್ಲಿ ಮತ್ತೊಮ್ಮೆ ನೋಡಿ. 2025ರ ಅಕ್ಟೋಬರ್ 28ರಿಂದ ಅಂಚೆಯಲ್ಲಿ ಕಳಿಸುವ ಅರ್ಜಿಗೆ ಚೆಕ್ ನಡೆಯುವುದಿಲ್ಲ. ಬ್ಯಾಂಕ್ ಕಾರ್ಡಿನಲ್ಲಿ ಕಟ್ಟುವುದಾದರೆ ಜಿ-1450 ಫಾರಂ ತುಂಬಿ ಅರ್ಜಿಯ ಮೇಲಿಡಿ. ಜಾಸ್ತಿ ಕಟ್ಟಿ ಬೇಗ ಮಾಡಿಸಿಕೊಳ್ಳುವ ಪ್ರೀಮಿಯಂ ಸೌಲಭ್ಯ ಇದಕ್ಕಿಲ್ಲ.

ಅಪಾರ್ಟ್‌ಮೆಂಟಿನ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿನ ಚೀಟಿ ಇದೆಯಾ? ಬರೀ ಗಂಡನ ಹೆಸರಿದ್ದರೆ ಇವತ್ತೇ ನಿಮ್ಮದನ್ನೂ ಅಂಟಿಸಿ. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ವಿಳಾಸ ತಿಳಿಸಬೇಕು. ಫೋನ್ ಮಾಡಿ ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕೇಳಿದರೆ ಅದು ಮೋಸ, ಫೋನ್ ಇಟ್ಟುಬಿಡಿ.

ಕಾರ್ಡ್ ಬರುವವರೆಗೆ ತಾಳ್ಮೆ. ರಸೀದಿ ಬಂತು ಅಂತ ಕೆಲಸಕ್ಕೆ ಸೇರುವ ಹಾಗಿಲ್ಲ. ಹೋಳಿಗೆ ಮಾಡಿ ಮಾರುವುದು, ದುಡ್ಡು ತೆಗೆದುಕೊಂಡು ಪಕ್ಕದ ಮನೆ ಮಗು ನೋಡಿಕೊಳ್ಳುವುದೂ ಕೆಲಸವೇ. ಊರಿನ ಕಂಪನಿಗೆ ಇಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ ಅನ್ನುವವರು ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ನಮ್ಮ ರಾಜ್ಯೋತ್ಸವಕ್ಕೆ ಸಂಬಳವಿಲ್ಲದೆ ಕುರ್ಚಿ ಹಾಕಲು ಮಾತ್ರ ಯಾವ ಕಾರ್ಡೂ ಬೇಡ, ಖಂಡಿತ ಬನ್ನಿ.

ರಿನ್ಯೂಯಲ್

ಹಳಬರ ಮಾತು ಕೇಳಿ ಮೋಸ ಹೋಗುವುದು ಇಲ್ಲೇ. “ರಿನ್ಯೂಯಲ್ ಹಾಕಿದರೆ ಸಾಕು, 540 ದಿನ ತಾನಾಗಿ ಮುಂದುವರಿಯುತ್ತೆ” ಅಂತ ಅವರು ಹೇಳುತ್ತಾರೆ. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಹಳೇ ಕಾರ್ಡ್ ಮುಗಿದ ದಿನ ಹೊಸದು ಬಂದಿರದಿದ್ದರೆ ಕೆಲಸ ನಿಲ್ಲಿಸಲೇಬೇಕು. ಎಚ್-1ಬಿ, ಎಚ್-4, ಇಎಡಿ ಮೂರನ್ನೂ ಒಟ್ಟಿಗೆ ಹಾಕಿದರೆ ಒಟ್ಟಿಗೇ ನೋಡುವುದಾಗಿ ಇಲಾಖೆ ಒಪ್ಪಿದ್ದ ಕೋರ್ಟ್ ಒಪ್ಪಂದವೊಂದಿತ್ತು. ಅದೂ 2025ರ ಜನವರಿಗೆ ಮುಗಿದಿದೆ.

ಕಾರ್ಡ್ ಮುಗಿಯುವ 180 ದಿನ ಮೊದಲೇ ರಿನ್ಯೂಯಲ್ ಹಾಕಬಹುದು. ಎಚ್-1ಬಿ ವಿಸ್ತರಣೆಗೂ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಆದರೆ ಕಂಪನಿಯ ವಕೀಲರು ಕೊನೇ ತಿಂಗಳವರೆಗೆ ಕೂತುಬಿಡುತ್ತಾರೆ. ಅವರಿಗೇನು, ಎಚ್-1ಬಿಯವರು ಅರ್ಜಿ ಬಾಕಿ ಇರುವಾಗಲೂ 240 ದಿನ ಕೆಲಸ ಮಾಡಬಹುದು. ಕೆಲಸ ಹೋಗುವುದು ನಿಮ್ಮದು. ಅದಕ್ಕೇ ಸಂಗಾತಿಯಿಂದ ಆಫೀಸಿಗೆ ಈಮೇಲ್ ಹಾಕಿಸಿ, ಬೇಗ ಶುರು ಮಾಡಿಸಿ. ನಮ್ಮ ಮನೆಯಲ್ಲಿ ಆ 180ನೇ ದಿನ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ, ಸಂಕಷ್ಟಿಯ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ ಇರುತ್ತದೆ. ಬರೆದವಳು ನಾನು.